ಬಿಚ್ಚಿಟ್ಟ ಗಾಡಿಗೆ ವಿಮೆ

ಎಲ್ಲದಕ್ಕೂ ಮೂಲ ‘ಟಣ್’ ಎನ್ನುವ ಒಂದು ಸದ್ದು. ದೊಡ್ಡ ಸದ್ದೇನಲ್ಲ, ಪಕ್ಕದ ಮನೆಯಲ್ಲಿ ಯಾರೋ ಲೋಟದೊಳಗೆ ಚಮಚ ಬೀಳಿಸಿದರೆ ಬರುವಷ್ಟು. ಅಪ್ಪ ಸಂಜೆ ತಮ್ಮ ಹಳೇ ಮೋಟಾರ್ ಸೈಕಲ್ ಮೇಲೆ ಮನೆಗೆ ಬರುವಾಗ, ಬೀದಿಯ ತಿರುವಿನ ಗುಂಡಿ ಇಳಿದು ಹತ್ತುವಾಗ, ಎಂಜಿನ್ನಿನ ಡುಗುಡುಗು ನಡುವೆ ಅದು ಕೇಳಿಸುತ್ತಿತ್ತು. ಡುಗ್ ಡುಗ್ ಟಣ್, ಡುಗ್ ಡುಗ್ ಟಣ್. ಬೇರೆ ಯಾರ ಕಿವಿಗೂ ಬೀಳದ ಆ ಸದ್ದು ಪಾಲಿಶಪ್ಪನ ಕಿವಿಗೆ ಬಿತ್ತು. ಅಲ್ಲಿಗೆ ಗಾಡಿಯ ಕತೆ ಮುಗಿಯಿತು.

ಪಾಲಿಶಪ್ಪ ಎನ್ನುವುದು ಅವನ ಹೆಸರಲ್ಲ, ಬೀದಿಯವರು ಕೊಟ್ಟ ಬಿರುದು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವನ ಉದ್ಯೋಗ. ಗಿರಾಕಿ ಕನ್ನಡಕ ಏರಿಸಿಕೊಂಡು ಬಾಗಿಲು ದಾಟಿದ ಮೇಲೂ “ಒಂದ್ನಿಮಿಷ ಸಾರ್, ಎಡಗಡೆ ಒಂಚೂರು ಮಂಜು ಕಾಣ್ತಿದೆ” ಎಂದು ಹಿಂದೆ ಓಡಿಹೋಗಿ, ಮೂಗಿನ ಮೇಲಿಂದಲೇ ಕಿತ್ತುಕೊಂಡು ಒರೆಸುವ ಜಾತಿ ಅವನದು. ಮನೆಯಲ್ಲಿ ಲೋಟ ತೊಳೆದಿಟ್ಟರೆ ಬೆಳಕಿಗೆ ಹಿಡಿದು ನೋಡುತ್ತಾನೆ. ಅವನ ಹೆಂಡತಿ ಮದುವೆಯಾದ ಹೊಸದರಲ್ಲಿ ಇದನ್ನು ಗುಣ ಎಂದುಕೊಂಡಿದ್ದಳು.

“ಅಪ್ಪಾ, ಗಾಡೀಲಿ ಅದೇನೋ ಸದ್ದು ಬರ್ತಿದೆಯಲ್ಲ?” ಎಂದು ಅವನು ಒಂದು ದಿನ ಕೇಳಿದ.

“ಯಾವ ಸದ್ದು?” ಎಂದರು ಅಪ್ಪ. ಅವರಿಗೆ ಆಗಲೇ ಕಿವಿ ಮಂದವಾಗಿತ್ತು.

“ಟಣ್ ಅಂತ. ಒಳಗೆ ಏನೋ ಸಡಿಲ ಆಗಿದೆ. ಒಂದ್ಸಲ ಬಿಚ್ಚಿ ನೋಡ್ಬಿಡ್ಲಾ? ಒಂದು ಭಾನುವಾರದ ಕೆಲಸ ಅಷ್ಟೆ.”

ಅಪ್ಪ ಮಗನ ಮುಖ ನೋಡಿದರು. ಓಡುವ ಗಾಡಿಯನ್ನು ಬಿಚ್ಚುವುದು ಅವರಿಗೆ ಇಷ್ಟವಿರಲಿಲ್ಲ. ಆದರೂ, “ಬಿಚ್ಚಪ್ಪ, ನಿನ್ನ ಮನಸ್ಸಿಗೆ ಸಮಾಧಾನ ಆಗ್ಲಿ” ಎಂದರು. ಆ ಮಾತನ್ನು ಪಾಲಿಶಪ್ಪ ಈಗಲೂ ಮರೆತಿಲ್ಲ. ಯಾಕೆಂದರೆ ಆ ಭಾನುವಾರ ಮೂರು ವರ್ಷವಾದರೂ ಮುಗಿದಿರಲಿಲ್ಲ.

ಬಿಚ್ಚುವುದೇನೋ ಮಧ್ಯಾಹ್ನದೊಳಗೆ ಆಯಿತು. ಸಡಿಲವಾದದ್ದು ಏನೂ ಸಿಗಲಿಲ್ಲ. ಬಿಚ್ಚಿದ್ದು ಬಿಚ್ಚಿಯೇ ಆಯಿತಲ್ಲ, ಸ್ವಲ್ಪ ಒರೆಸಿಯೇ ಜೋಡಿಸೋಣ ಎಂದುಕೊಂಡ. ಒರೆಸಿದ ಮೇಲೆ ಬಣ್ಣ ಮಾಸಿದ್ದು ಕಂಡಿತು. ಬಣ್ಣ ಹೊಡೆಸಿದ ಮೇಲೆ ನಟ್ಟುಗಳ ತುಕ್ಕು ಕಂಡಿತು. ನಟ್ಟು ಹುಡುಕಿದರೆ ಹಳೇ ಕಾಲದ ಅಳತೆಯದು ಸಿಗಲೊಲ್ಲದು, ಹೊಸದು ಹಾಕಲು ಅವನಿಗೆ ಮನಸ್ಸೊಪ್ಪದು. ಎಂಜಿನ್ನನ್ನು ಪಕ್ಕದ ಮನೆಯ ರಿಟೈರ್ಡ್ ಫೋರ್‌ಮನ್ನರು ಎಂದೋ ಶುದ್ಧಮಾಡಿ, ಸರಿಯಾಗಿ ಮುಚ್ಚಿ ಕೊಟ್ಟಿದ್ದರು. ಅದು ಬಚ್ಚಲುಮನೆಯ ಸ್ಟೂಲಿನ ಮೇಲೆ ಟವೆಲ್ ಹೊದ್ದು ಕೂತಿತ್ತು. ಸ್ನಾನಕ್ಕೆ ಹೋದವರೆಲ್ಲ ಅದಕ್ಕೊಂದು ಸುತ್ತು ಹಾಕಿಯೇ ನೀರು ಹೊಯ್ದುಕೊಳ್ಳಬೇಕು. ಪೆಟ್ರೋಲ್ ಟ್ಯಾಂಕು ಬೀರುವಿನಲ್ಲಿ ಹೆಂಡತಿಯ ಒಳ್ಳೇ ಬಟ್ಟೆಗಳ ಮೇಲೆ. ಚಕ್ರಗಳು ಮಂಚದಡಿ. ಹ್ಯಾಂಡಲ್ ಗೋಡೆಗೆ ಏರಿ ಒದ್ದೆ ಟವೆಲ್ ಹರವುವ ಗೂಟವಾಗಿತ್ತು. ಚೈನು ಅಡುಗೆಮನೆಯ ಮೂಲೆಯಲ್ಲಿ ಎಣ್ಣೆಯೊಳಗೆ ನೆನೆಯುತ್ತಿತ್ತು. ಒಮ್ಮೆ ಹೆಂಡತಿ ಕತ್ತಲಲ್ಲಿ ಆ ಎಣ್ಣೆಯನ್ನೇ ಒಗ್ಗರಣೆಗೆ ಬಗ್ಗಿಸಿದಾಗ ಮನೆಯಲ್ಲಿ ಆದ ಗಲಾಟೆ ಇಡೀ ಬೀದಿಗೆ ಗೊತ್ತು.

ಗಾಡಿ ಓಡಿಸಲೆಂದೇ ಅಪ್ಪನಿಗೊಂದು ಕೋಟಿತ್ತು. ಕಂದುಬಣ್ಣದ್ದು, ಜೇಬುಗಳು ಜೋತುಬಿದ್ದದ್ದು. ಅಪ್ಪ ಕೋಟು ತೊಟ್ಟರೆಂದರೆ ಗಾಡಿ ಹೊರಟಿತೆಂದೇ ಲೆಕ್ಕ. ಪಾಲಿಶಪ್ಪ ಚಿಕ್ಕವನಿದ್ದಾಗ ಹಿಂದಿನ ಸೀಟಿನ ಮೇಲೆ ಕೂತು, ಆ ಕೋಟಿನ ಬೆನ್ನಿಗೆ ಕೆನ್ನೆ ಒತ್ತಿ, ಊರಾಚೆಯ ಸೇತುವೆಯವರೆಗೆ ಹೋಗಿಬರುತ್ತಿದ್ದ. ಮಾತೇ ಇರುತ್ತಿರಲಿಲ್ಲ, ಗಾಳಿ ಮಾತ್ರ. ಗಾಡಿ ಹೊಸದರಂತೆ ಆದ ದಿನ ಮತ್ತೊಮ್ಮೆ ಹಾಗೆಯೇ ಹೋಗಬೇಕು, ಅಪ್ಪ ಓಡಿಸಬೇಕು, ತಾನು ಹಿಂದೆ ಕೂರಬೇಕು ಎನ್ನುವುದೊಂದೇ ಅವನ ಆಸೆ. ಮೂರು ವರ್ಷ ಉಜ್ಜಿದ್ದೆಲ್ಲ ಆ ಒಂದು ದಿನಕ್ಕಾಗಿ.

ಮೊದಮೊದಲು ಅಪ್ಪ ದಿನಾ ಬೆಳಗ್ಗೆ “ಆಯ್ತೇನೋ?” ಎಂದು ಕೇಳುತ್ತಿದ್ದರು. “ಇನ್ನೊಂಚೂರು ಇದೆಯಪ್ಪ” ಎನ್ನುತ್ತಿದ್ದ. ಅಷ್ಟರಲ್ಲಿ ಅಪ್ಪನ ಮಂಡಿ ಕೈಕೊಡತೊಡಗಿತು, ಗೋಡೆ ಹಿಡಿದು ನಡೆಯುವಂತಾಯಿತು. ಈಚೆಗೆ ಅವರು ಕೇಳುವುದನ್ನೇ ಬಿಟ್ಟಿದ್ದರು. ಕೇಳಿದಾಗ ಆಗುತ್ತಿದ್ದ ಕಿರಿಕಿರಿಗಿಂತ ಕೇಳದಿದ್ದಾಗ ಆಗುವ ಸಂಕಟ ದೊಡ್ಡದು ಎಂದು ಪಾಲಿಶಪ್ಪನಿಗೆ ತಿಳಿದದ್ದು ಆಗಲೇ.

ಹೀಗಿರುವಾಗ ಬೀದಿಗೆ ಕಳ್ಳ ಬಂದ. ಎರಡು ಮನೆಯ ಹಿತ್ತಾಳೆ ನಲ್ಲಿಗಳನ್ನು ಬಿಚ್ಚಿಕೊಂಡು ಹೋದ.

“ನಮ್ಮನೆಗೆ ಬಂದ್ರೆ ಒಳ್ಳೇದೇ ಆಯ್ತು. ಬಂದೋನಿಗೆ ಕಾಫಿ ಕೊಟ್ಟು, ಇಷ್ಟೂ ಜೋಡಿಸಿ ತಗೊಂಡ್ಹೋಗಪ್ಪಾ ಅಂತೀನಿ” ಎಂದಳು ಹೆಂಡತಿ.

ಪಾಲಿಶಪ್ಪನಿಗೆ ಮಾತ್ರ ನಿದ್ದೆ ಹಾರಿಹೋಯಿತು. ಹಳೇ ಕಾಲದ ಹೆಡ್‌ಲೈಟು, ಹಳೇ ಕಾಲದ ಟ್ಯಾಂಕು, ಒಂದು ಹೋದರೂ ಮತ್ತೆ ಹುಟ್ಟುವುದಿಲ್ಲ. ಹೆಂಡತಿಯ ತಮ್ಮ ವಿಮೆ ಏಜೆಂಟನಾದ್ದರಿಂದ ಅವನ ಬೆನ್ನು ಬಿದ್ದ.

“ಬಿಚ್ಚಿಟ್ಟ ಗಾಡಿಗೂ ವಿಮೆ ಇದೆ ಭಾವ,” ಎಂದ ಭಾವಮೈದ. “ಬೆಂಕಿಗೆ, ಕಳವಿಗೆ ಎರಡಕ್ಕೂ ಆಗತ್ತೆ. ಆದ್ರೆ ನಮ್ಮ ಸರ್ವೇಯರ್ ಮನೆಗೇ ಬಂದು ಕಣ್ಣಾರೆ ನೋಡ್ಬೇಕು. ಒಂದು ಭಾಗಾನೂ ಕಡಿಮೆ ಇರ್ಬಾರ್ದು, ಇದ್ರೆ ಅದು ಗುಜರಿ ಅಂತಾರೆ. ಜೋಡಿಸಿಟ್ಟಿರ್ಲೂಬಾರ್ದು, ಜೋಡಿಸಿದ್ರೆ ಅದು ರಸ್ತೆ ಗಾಡಿ ಅಂತಾರೆ. ಅದಕ್ಕೆ ಬೇರೆ ಪಾಲಿಸಿ, ಬೇರೆ ಆಫೀಸು, ಮೊದಲಿಂದ ಅಲೆದಾಟ. ಆ ಮನುಷ್ಯ ಬಲೇ ಖಡಕ್ಕು ಭಾವ, ಒಂದ್ಸಲ ಇಲ್ಲ ಅಂದ್ರೆ ಮುಗೀತು.”

ಆ ಖಡಕ್ ಮನುಷ್ಯ ಸಂಜೆ ಬರುತ್ತಾರೆಂದು ಒಂದು ಬೆಳಗ್ಗೆ ಭಾವಮೈದ ಫೋನು ಮಾಡಿದ. ಪಾಲಿಶಪ್ಪ ಅಂಗಡಿಗೆ ರಜೆ ಹೇಳಿ, ಸೊಂಟಕ್ಕೆ ಟವೆಲ್ ಬಿಗಿದ.

ಸಹಾಯಕ್ಕೆ ಯಾರನ್ನೂ ಕರೆದಿರಲಿಲ್ಲ, ಆದರೂ ಬಂದರು. ಫೋರ್‌ಮನ್ನರು ಹಲ್ಲುಜ್ಜುತ್ತಲೇ ಕಾಂಪೌಂಡು ಹಾರಿ ಬಂದರು. ಎದುರುಮನೆ ಅಕ್ಕ ಒಲೆಯ ಮೇಲೆ ಕುಕ್ಕರ್ ಇಟ್ಟು ಬಂದರು.

“ಎಂಜಿನ್ ಕೆಲಸ ನಾನು ಮುಗಿಸಿ ಎಷ್ಟು ಕಾಲ ಆಯ್ತಪ್ಪ? ಇನ್ನೂ ಅದೇನು ಉಜ್ತೀಯ?” ಎಂದರು ಫೋರ್‌ಮನ್ನರು, ಬಚ್ಚಲುಮನೆಯಿಂದ ಎಂಜಿನ್ನನ್ನು ಮಗುವಿನಂತೆ ಎತ್ತಿ ತರುತ್ತ.

“ಹ್ಯಾಂಡಲ್ಲಿನ ಹತ್ರದ ನಟ್ಟು ತುಕ್ಕು ಹಿಡಿದಿದೆ ಸಾರ್, ಬದಲಿಗೆ ಇನ್ನೊಂದು ಸಿಕ್ಕಿಲ್ಲ. ಹಳೇ ಕಾಲದ್ದೇ ಆಗ್ಬೇಕು.”

“ನನ್ನ ಹತ್ರ ಡಬ್ಬಿತುಂಬ ಇದಾವೆ. ಅಳತೆ ಸರಿಹೋದ್ರೆ ಸಾಲ್ದಾ?”

“ಬೇಡ ಸಾರ್, ಕೈ ಹಾಕ್ಬೇಡಿ” ಎಂದ ಪಾಲಿಶಪ್ಪ. ಫೋರ್‌ಮನ್ನರ ಮೀಸೆ ಅಲ್ಲಾಡಿತು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅಪ್ಪನ ಕಡೆ ಒಮ್ಮೆ ನೋಡಿದರು, ಅಷ್ಟೆ.

ಮನೆಯೊಳಗಿನ ಭಾಗಗಳೆಲ್ಲ ಅಂಗಳಕ್ಕೆ ಬಂದವು. ಹೊರಗೆ ಹೋದವುಗಳನ್ನು ತರುವುದು ಕಷ್ಟವಾಯಿತು. ಜಾಗ ಸಾಲದೆಂದು ಹೆಂಡತಿ ಒಂದೊಂದನ್ನು ಒಬ್ಬೊಬ್ಬರ ಮನೆಯಲ್ಲಿ ಇಟ್ಟಿದ್ದಳು, ಇಟ್ಟುಕೊಂಡವರು ಸುಮ್ಮನೆ ಇಟ್ಟುಕೊಂಡಿರಲಿಲ್ಲ. ಮುಂದಿನ ಮಡ್‌ಗಾರ್ಡು ಮೂಲೆಮನೆಯ ತಾರಸಿಯಲ್ಲಿ ಮಣ್ಣು ತುಂಬಿಸಿಕೊಂಡು ಹೂಕುಂಡವಾಗಿತ್ತು. ಹೂ ಬಿಟ್ಟಿದ್ದ ಗಿಡವನ್ನು ಕೀಳುವಾಗ ಆ ಮನೆಯ ಅಜ್ಜಿ ಕಣ್ಣೀರು ಹಾಕಿದರು. ಹೆಡ್‌ಲೈಟಿನ ಗಾಜು ಎಲ್ಲಿದೆಯೆಂದು ಹುಡುಕಿದರೆ ಎದುರುಮನೆ ಅಕ್ಕ ಮೆಲ್ಲನೆ, “ಅದಾ? ಅದು ನಮ್ಮ ಒಲೆ ಮೇಲಿದೆಯಪ್ಪ” ಎಂದರು.

“ಒಲೆ ಮೇಲಾ?”

“ಪಾತ್ರೆಗೆ ಸರಿಯಾಗಿ ಕೂರತ್ತೆ ಕಣೋ. ಒಳಗೆ ಉಕ್ಕೋದು ಕಾಣತ್ತೆ. ಇಂಥ ಮುಚ್ಚಳ ಅಂಗಡೀಲಿ ಎಲ್ಲಿ ಸಿಗತ್ತೆ ಹೇಳು.”

ಪಾಲಿಶಪ್ಪ ಹಬೆಯಾಡುವ ಗಾಜನ್ನು ಬಟ್ಟೆಯಲ್ಲಿ ಹಿಡಿದು ತಂದ. ದಾರಿಯುದ್ದಕ್ಕೂ ಅದನ್ನು ಒರೆಸಿದ. ಅಂತೂ ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಹಾಸಿದ ಗೋಣಿಚೀಲಗಳ ಮೇಲೆ ಇಡೀ ಗಾಡಿ ಬಿಡಿಬಿಡಿಯಾಗಿ ಮಲಗಿತ್ತು. ಮೂರು ವರ್ಷದಲ್ಲಿ ಮೊದಲ ಸಲ ಎಲ್ಲ ಭಾಗಗಳೂ ಒಂದೇ ಕಡೆ ಸೇರಿದ್ದವು. ಅಪ್ಪ ಗೋಡೆ ಹಿಡಿದು ಹೊರಗೆ ಬಂದು, ಜಗಲಿಯ ಮೇಲೆ ಕೂತು ಅವನ್ನೇ ನೋಡುತ್ತಿದ್ದರು.

ಪಾಲಿಶಪ್ಪ ಎರಡೆರಡು ಸಲ ಎಣಿಸಿದ. ಎಲ್ಲ ಇತ್ತು, ಒಂದಿರಲಿಲ್ಲ. ಹಿಂದಿನ ಸೀಟು.

“ಕ್ಷೌರದಂಗಡಿಗೆ ಕೊಟ್ಟಿದ್ವಲ್ರೀ,” ಎಂದಳು ಹೆಂಡತಿ. “ಕುರ್ಚಿ ಮೇಲೆ ಇಟ್ಕೊಳ್ಳೋಕೆ ಅಂತ ಕೇಳಿದ್ದ.”

ಪಾಲಿಶಪ್ಪ ಚಪ್ಪಲಿ ಮೆಟ್ಟಿ ಓಡಿದ. ಓಡುವ ಮೊದಲು ತಿರುಗಿ, “ಯಾರೂ ಏನನ್ನೂ ಮುಟ್ಬೇಡಿ” ಎಂದು ಹೇಳುವುದನ್ನು ಮರೆಯಲಿಲ್ಲ.

ಕ್ಷೌರದಂಗಡಿ ಮಾರ್ಕೆಟ್ಟಿನ ಹಿಂದೆ. ಪಾಲಿಶಪ್ಪ ಹೋಗುವಷ್ಟರಲ್ಲಿ ಬಾಗಿಲು ಎಳೆದಿತ್ತು, ಊಟಕ್ಕೆ ಹೋದವನು ಒಂದು ನಿದ್ದೆಯನ್ನೂ ಮುಗಿಸಿಕೊಂಡೇ ಬರುವುದು ವಾಡಿಕೆ. ಪಾಲಿಶಪ್ಪ ಬಿಸಿಲಲ್ಲಿ ಮೆಟ್ಟಿಲ ಮೇಲೆ ಕೂತ. ಕೊನೆಗೂ ಅಂಗಡಿಯವನು ಆಕಳಿಸುತ್ತ ಬಂದ. ಅವನ ಹಿಂದೆಯೇ ವಕೀಲರೊಬ್ಬರು ಬಂದರು, ಬಂದವರು ನೇರ ಕುರ್ಚಿ ಹತ್ತಿ ಕೂತುಬಿಟ್ಟರು. ವಕೀಲರು ವಾದದಲ್ಲಿ ಎತ್ತರದ ಮನುಷ್ಯ, ಅಳತೆಯಲ್ಲಿ ಮಾತ್ರ ಸ್ವಲ್ಪ ಕಡಿಮೆ. ಅವರ ಕೆಳಗೆ ಕಪ್ಪು ಚರ್ಮದ ಹಿಂದಿನ ಸೀಟು ಹಾಯಾಗಿತ್ತು.

“ಸಾರ್, ಒಂಚೂರು ಏಳ್ತೀರಾ? ಅದು ನನ್ನ ಸೀಟು” ಎಂದ ಪಾಲಿಶಪ್ಪ.

“ಮೊದಲು ಬಂದು ಕೂತವನು ನಾನು” ಎಂದರು ವಕೀಲರು, ಕೆನ್ನೆಯ ತುಂಬ ಸೋಪಿನ ನೊರೆಯೊಂದಿಗೆ.

“ಕೂರೋ ಸೀಟಲ್ಲ ಸಾರ್, ಗಾಡಿ ಸೀಟು. ನಿಮ್ಮ ಕೆಳಗಿರೋದು.”

“ಸ್ವಾಧೀನ ಯಾರದಿದೆ ನೋಡಿ.”

ಅಂಗಡಿಯವನು ಕತ್ತಿ ಎತ್ತಿಹಿಡಿದು, “ಅಣ್ಣಾ, ಅದನ್ನ ತೆಗೆದ್ರೆ ಸಾಹೇಬ್ರಿಗೆ ಕನ್ನಡೀಲಿ ಹಣೆ ಮಾತ್ರ ಕಾಣತ್ತೆ. ಅರ್ಧ ಶೇವಿಂಗ್‌ನಲ್ಲಿ ಎಬ್ಬಿಸೋಕಾಗಲ್ಲ. ಕೂತ್ಕೊಳಿ, ಪೇಪರ್ ಓದಿ” ಎಂದ. ಓದಲು ಪೇಪರೂ ಹಳೆಯದು. ಶೇವಿಂಗ್ ಆದ ಮೇಲೆ ವಕೀಲರಿಗೆ ಕಟಿಂಗ್ ನೆನಪಾಯಿತು. ಕಟಿಂಗ್ ಆದ ಮೇಲೆ ಅಂಗಡಿಯವನಿಗೆ ತಲೆ ಮಾಲೀಸು ನೆನಪಾಯಿತು.

ವಕೀಲರ ತಲೆಯ ಮೇಲೆ ಪಟಪಟ ಏಟು ಬೀಳುತ್ತಿದ್ದಾಗಲೇ ಪಾಲಿಶಪ್ಪನ ಕಿವಿ ನಿಮಿರಿತು. ಮಾರ್ಕೆಟ್ಟಿನ ಆಚೆ ಬದಿಯ ರಸ್ತೆಯಲ್ಲಿ ಒಂದು ಮೋಟಾರ್ ಸೈಕಲ್ ಹೋಗುತ್ತಿತ್ತು. ಈಗಿನ ಗಾಡಿಗಳ ಕೀಚಲು ದನಿಯಲ್ಲ, ಹಳೇ ಕಾಲದ ನಿಧಾನದ ಗತ್ತು. ಡುಗ್ ಡುಗ್, ಡುಗ್ ಡುಗ್. ಯಾರೋ ಪುಣ್ಯವಂತ, ಗಾಡಿಯನ್ನು ಬಿಚ್ಚದೆ ಉಳಿಸಿಕೊಂಡಿದ್ದಾನೆ ಎಂದುಕೊಂಡ. ತಾನೂ ಸುಮ್ಮನಿದ್ದಿದ್ದರೆ ಅಪ್ಪ ಈಗಲೂ ಹೀಗೆಯೇ ಓಡಾಡುತ್ತಿದ್ದರು. ಅಷ್ಟರಲ್ಲಿ ರಸ್ತೆಯ ಉಬ್ಬಿನ ಮೇಲೆ ಗಾಡಿ ಹತ್ತಿಳಿದಿರಬೇಕು, ಸದ್ದು ಬದಲಾಯಿತು. ಡುಗ್ ಡುಗ್ ಟಣ್, ಡುಗ್ ಡುಗ್ ಟಣ್.

“ಅಯ್ಯೋ ಪಾಪ, ಇದಕ್ಕೂ ಅದೇ ರೋಗ” ಎಂದ ಪಾಲಿಶಪ್ಪ ಜೋರಾಗಿಯೇ. “ಅವನೂ ಇವತ್ತಲ್ಲ ನಾಳೆ ಬಿಚ್ತಾನೆ ನೋಡ್ತಿರಿ.”

“ಯಾರು?” ಎಂದರು ವಕೀಲರು. ಉತ್ತರ ಬರುವ ಮೊದಲೇ ಅವರ ಕುತ್ತಿಗೆಯನ್ನು ಅಂಗಡಿಯವನು ಲಟಕ್ಕನೆ ತಿರುಗಿಸಿದ.

ಫೋನು ಬಡಿದುಕೊಂಡಿತು. ಭಾವಮೈದ. “ಭಾವ, ಸರ್ವೇಯರ್ ಸಾಹೇಬ್ರು ಬೇಗ ಹೊರಟುಬಿಟ್ರು. ನಿಮ್ಮ ಬೀದಿ ಹತ್ರಾನೇ ಇದೀವಿ.”

“ಅವರನ್ನ ಹೋಟೆಲಲ್ಲಿ ಕೂರಿಸ್ಕೋ. ಕಾಫಿ ಕುಡಿಸು, ಮತ್ತೆ ಕಾಫಿ ಕುಡಿಸು. ಬಂದೆ” ಎಂದ ಪಾಲಿಶಪ್ಪ. ಹಳೇ ಪೇಪರಿನ ಕಟ್ಟನ್ನು ಎತ್ತಿಕೊಂಡು, “ಕ್ಷಮಿಸಿ ಸಾರ್” ಎಂದು ವಕೀಲರನ್ನು ಕಂಕುಳಿಗೆ ಕೈಹಾಕಿ ಎತ್ತಿ, ಕೆಳಗಿನ ಸೀಟನ್ನು ಎಳೆದು, ಆ ಜಾಗದಲ್ಲಿ ಪೇಪರ್ ತುರುಕಿ ಅವರನ್ನು ಮತ್ತೆ ಇಳಿಸಿದ. ವಕೀಲರು ಕೇಸು ಹಾಕುತ್ತೇನೆ ಎನ್ನುವುದು ಬೀದಿಯ ಕೊನೆಯವರೆಗೂ ಕೇಳಿಸುತ್ತಿತ್ತು.

ಸೀಟನ್ನು ಎದೆಗವಚಿಕೊಂಡು ಗೇಟು ತೆಗೆದ ಪಾಲಿಶಪ್ಪ ಅಲ್ಲೇ ಕಲ್ಲಾದ. ಅಂಗಳದ ನಡುವೆ ಗಾಡಿ ನಿಂತಿತ್ತು. ಬಿಡಿಯಾಗಿ ಅಲ್ಲ, ಪೂರ್ತಿ. ಎರಡು ಚಕ್ರದ ಮೇಲೆ, ಹೆಡ್‌ಲೈಟು ಮುಂದಿಟ್ಟುಕೊಂಡು, ಬಿಸಿಲಿಗೆ ಹೊಳೆಯುತ್ತ. ಅದರ ಮೇಲೆ ಅಪ್ಪ ಕೂತಿದ್ದರು, ಕಂದು ಕೋಟು ತೊಟ್ಟು. ಸುತ್ತ ಫೋರ್‌ಮನ್ನರು, ಎದುರುಮನೆ ಅಕ್ಕ, ಹೆಂಡತಿ, ಎಲ್ಲರ ಮುಖದಲ್ಲೂ ಏನೋ ಕಳ್ಳನಗೆ. ಫೋರ್‌ಮನ್ನರ ಕೈ ಮೊಣಕೈವರೆಗೂ ಕಪ್ಪಾಗಿತ್ತು.

“ಬಾರೋ,” ಎಂದರು ಅಪ್ಪ. “ಸೀಟು ತಂದ್ಯಾ? ಬೇಗ ಹಾಕು, ಹತ್ತು.”

ಆ ಮಾತನ್ನು ಪಾಲಿಶಪ್ಪ ಕೇಳಿದನೇ ಹೊರತು ಕೇಳಿಸಿಕೊಳ್ಳಲಿಲ್ಲ. ಅವನ ಕಣ್ಣಿಗೆ ಕಂಡದ್ದು ಒಂದೇ, ರಸ್ತೆ ಗಾಡಿ. ಹೋಟೆಲಿನಲ್ಲಿ ಕೊನೆಯ ಗುಟುಕು ಕಾಫಿ ಕುಡಿಯುತ್ತಿರುವ ಖಡಕ್ ಮನುಷ್ಯ.

“ಯಾರು ಜೋಡಿಸಿದ್ದು ಇದನ್ನ? ಮುಟ್ಬೇಡಿ ಅಂತ ಹೇಳಿ ಹೋಗಿದ್ನಲ್ಲ!”

“ಭಾಗ ಎಲ್ಲಾ ಒಂದೇ ಕಡೆ ಇದ್ವಲ್ಲಪ್ಪ,” ಎಂದರು ಫೋರ್‌ಮನ್ನರು. “ನಿಮ್ಮಪ್ಪ ಕೇಳಿದ್ರು, ಇವನು ಬರೋದ್ರೊಳಗೆ ಒಂದ್ಸಲ ಜೋಡಿಸಿ ನೋಡೋಣ್ವಾ ಅಂತ. ನನ್ನ ಡಬ್ಬೀಲಿ ನಟ್ಟೂ ಸಿಕ್ತು. ಅಷ್ಟೇ ಅಲ್ಲ, ಕೇಳಿಲ್ಲಿ...”

“ಏನೂ ಹೇಳ್ಬೇಡಿ ಸಾರ್! ಸರ್ವೇಯರ್ ಬೀದಿ ಕೊನೇಲಿದಾರೆ. ಇದನ್ನ ನೋಡಿದ್ರೆ ವಿಮೆ ಹೋಯ್ತು. ಬಿಚ್ಚಿ, ಬೇಗ ಬಿಚ್ಚಿ!”

“ರೀ, ಸ್ವಲ್ಪ ಕೇಳ್ರೀ...” ಎಂದಳು ಹೆಂಡತಿ.

“ನೀನು ಒಳಗೆ ಹೋಗಿ ಬಂದೋರಿಗೆ ಏನಾದ್ರೂ ಮಾಡು.”

ಅಪ್ಪ ಇನ್ನೂ ಹ್ಯಾಂಡಲ್ ಹಿಡಿದೇ ಕೂತಿದ್ದರು. “ಒಂದೇ ಒಂದು ಕಿಕ್ ಹೊಡೀತೀನಿ ಕಣೋ. ನೀನು ಹಿಂದೆ ಕೂತ್ಕೋ” ಎಂದರು.

“ಆಮೇಲಪ್ಪ, ಆಮೇಲೆ. ಇನ್ನೊಂಚೂರು ಕೆಲಸ ಇದೆ” ಎಂದು ಪಾಲಿಶಪ್ಪ ಅವರ ತೋಳು ಹಿಡಿದು ಮೆತ್ತಗೆ ಇಳಿಸಿ ಜಗಲಿಯ ಮೇಲೆ ಕೂರಿಸಿದ. ಅಪ್ಪ ವಾದ ಮಾಡಲಿಲ್ಲ. ಸಮಾಧಾನದ ಮನುಷ್ಯ, ಯಾವತ್ತೂ ಮಾಡಿದವರಲ್ಲ. ಕೋಟಿನ ಗುಂಡಿ ಮಾತ್ರ ಒಂದೊಂದಾಗಿ ಬಿಚ್ಚಿದರು.

ಫೋರ್‌ಮನ್ನರು ಸ್ವಲ್ಪ ಹೊತ್ತು ಪಾಲಿಶಪ್ಪನನ್ನೇ ದಿಟ್ಟಿಸಿದರು. “ಸರಿಯಪ್ಪ, ನಿನ್ನ ಗಾಡಿ” ಎಂದಷ್ಟೇ ಹೇಳಿ ಸ್ಪ್ಯಾನರ್ ಎತ್ತಿಕೊಂಡರು. ಎಂಜಿನ್ನನ್ನು ಗೋಣಿಚೀಲದಲ್ಲಿ ಸುತ್ತಿ ಇಳಿಸಿದರು. ಅವಸರದಲ್ಲಿ ಪಾಲಿಶಪ್ಪ ಸೈಲೆನ್ಸರಿಗೆ ಕೈಹಾಕಿ “ಹಾ!” ಎಂದು ಕೊಡವಿಕೊಂಡ. ಬೆರಳು ಚುರುಗುಟ್ಟಿತು. “ಬಿಸಿಲು ಅಂದ್ರೆ ಬಿಸಿಲು ಇವತ್ತು, ಕಬ್ಬಿಣ ಹೇಗೆ ಕಾದಿದೆ ನೋಡಿ” ಎಂದ. ಎದುರುಮನೆ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು, ಕುಕ್ಕರ್ ನೆನಪಾದವರಂತೆ ಮನೆ ಸೇರಿದರು. ಕೊನೆಯ ಚಕ್ರ ಕಳಚಿದ್ದೇ ಫೋರ್‌ಮನ್ನರು ಕೈ ಒರೆಸಿಕೊಂಡು, ಬೆಳಗ್ಗೆ ಹಾರಿಬಂದ ಕಾಂಪೌಂಡನ್ನು ಹಾರದೆ ಗೇಟಿನಿಂದಲೇ ನಡೆದುಹೋದರು.

ಸರ್ವೇಯರ್ ಬಂದಾಗ ಎಲ್ಲವೂ ಗೋಣಿಚೀಲಗಳ ಮೇಲೆ ಸಾಲಾಗಿ ಮಲಗಿತ್ತು. ಅವರು ಮಾತು ಕಡಿಮೆಯ, ಕಾಫಿ ಜಾಸ್ತಿಯಾಗಿ ಕಂಗೆಟ್ಟ ಮನುಷ್ಯ. ಒಂದೊಂದು ಭಾಗವನ್ನೂ ಬಗ್ಗಿ ನೋಡಿದರು, ಫೋಟೋ ತೆಗೆದರು. ಹಿಂದಿನ ಸೀಟಿನ ಮೇಲೆ ಅಂಟಿದ್ದ ವಕೀಲರ ಕೂದಲನ್ನು ಊದಿ ಹಾರಿಸಿದರು.

“ಎಲ್ಲಾ ಸರಿಯಾಗಿದೆ,” ಎಂದರು. “ಇಷ್ಟು ಅಚ್ಚುಕಟ್ಟಾಗಿ ಬಿಚ್ಚಿಟ್ಟ ಗಾಡಿ ನಾನು ನೋಡೇ ಇಲ್ಲ.”

ಮೂರು ವರ್ಷದಲ್ಲಿ ಯಾರೂ ಆಡದ ಮೆಚ್ಚುಗೆಯ ಮಾತು. ಪಾಲಿಶಪ್ಪನ ಎದೆ ಉಬ್ಬಿತು. ಸರ್ವೇಯರ್ ಚೀಲದಿಂದ ಸಣ್ಣ ತಂತಿ, ಸೀಸದ ಬಿಲ್ಲೆಗಳನ್ನು ತೆಗೆದು, ಎಂಜಿನ್ನಿಗೊಂದು, ಚೌಕಟ್ಟಿಗೊಂದು, ಚಕ್ರಗಳಿಗೊಂದೊಂದು ಪೋಣಿಸಿ ಇಕ್ಕಳದಿಂದ ಅಮುಕಿದರು.

“ಇದೇನ್ ಸಾರ್?”

“ಸೀಲು. ಒಂದು ವರ್ಷ ಇದನ್ನ ಯಾರೂ ಮುರೀಬಾರ್ದು. ಬಿಚ್ಚಿಟ್ಟ ಗಾಡಿ ಅಂತ ವಿಮೆ ಕೊಟ್ಟಮೇಲೆ ಅದು ಬಿಚ್ಚಿದ ಹಾಗೇ ಇರ್ಬೇಕು. ಜೋಡಿಸಿದ್ರೆ ವಿಮೆ ರದ್ದು.”

ಪಾಲಿಶಪ್ಪ ಭಾವಮೈದನ ಕಡೆ ತಿರುಗಿದ. ಭಾವಮೈದ ಆಕಾಶ ನೋಡಿದ. “ಹೇಳಿರ್ಲಿಲ್ವಾ ಭಾವ? ಹೇಳ್ದೆ ಅಂದ್ಕೊಂಡಿದ್ದೆ. ಇರ್ಲಿ ಬಿಡಿ, ಹೇಗೂ ನೀವು ವರ್ಷದೊಳಗೆ ಜೋಡಿಸೋ ಹಾಗೆ ಕಾಣ್ಲಿಲ್ಲ.”

ಅದೂ ನಿಜವೇ ಎನ್ನಿಸಿತು ಪಾಲಿಶಪ್ಪನಿಗೆ. ಸರ್ವೇಯರ್ ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದ. ಬಂದವರನ್ನು ಗೇಟಿನವರೆಗೆ ಬಿಟ್ಟು, ಯುದ್ಧ ಗೆದ್ದವನಂತೆ ಮನೆಯೊಳಗೆ ಬಂದ. ಗೆದ್ದವನನ್ನು ನೋಡಲು ಮಾತ್ರ ಯಾರಿಗೂ ಮನಸ್ಸಿದ್ದಂತಿರಲಿಲ್ಲ. ಹೆಂಡತಿ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಳು.

“ಏನಾಯ್ತೇ? ಎಲ್ಲಾ ಯಾಕೆ ಮುಖ ಊದಿಸ್ಕೊಂಡಿದೀರಿ? ಇನ್ನು ಕಳ್ಳ ಬಂದ್ರೂ ಚಿಂತೆ ಇಲ್ಲ.”

“ಅದು ಓಡ್ತು ಕಣ್ರೀ” ಎಂದಳು ಹೆಂಡತಿ, ತಿರುಗದೆ.

“ಯಾವುದು?”

“ಗಾಡಿ. ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯ್ತು. ಫೋರ್‌ಮನ್ನರು ತಮ್ಮ ಸ್ಕೂಟರಿಂದ ಪೆಟ್ರೋಲ್ ಹಾಕಿದ್ರು. ಮಾವ ಕೋಟು ಹಾಕ್ಕೊಂಡು ಮಾರ್ಕೆಟ್ಟಿನ ಸುತ್ತ ಒಂದು ರೌಂಡು ಹೋಗಿಬಂದ್ರು. ಮಂಡಿ ನೋವು ಅನ್ನೋದೇ ಮರೆತುಹೋಗಿತ್ತು ಅವರಿಗೆ. ‘ಯಾರೂ ಅವನಿಗೆ ಹೇಳ್ಬೇಡಿ, ಸೀಟು ತರ್ಲಿ, ಹಿಂದೆ ಕೂರಿಸ್ಕೊಂಡು ಸೇತುವೆವರೆಗೆ ಹೋಗ್ತೀನಿ, ಆಗಲೇ ಗೊತ್ತಾಗ್ಲಿ’ ಅಂದ್ರು. ನೀವು ಬಂದ್ರಿ, ಬಾಯಿ ಬಿಡೋಕೂ ಬಿಡ್ಲಿಲ್ಲ.”

ಪಾಲಿಶಪ್ಪ ಸುಟ್ಟ ಬೆರಳನ್ನು ನೋಡಿಕೊಂಡ. ಬೊಬ್ಬೆ ಎದ್ದಿತ್ತು. ಕ್ಷೌರದಂಗಡಿಯಲ್ಲಿ ಕೂತು ತಾನು ಹೊಟ್ಟೆಕಿಚ್ಚುಪಟ್ಟ ಆ ಪುಣ್ಯವಂತ ಯಾರೆಂದು ಅವನಿಗೆ ಈಗ ತಿಳಿಯಿತು. ಮೂರು ವರ್ಷ ಕಾದ ದಿನ ತಾನಾಗಿಯೇ ಅಂಗಳಕ್ಕೆ ಬಂದು, ಹತ್ತು ಎಂದು ಕರೆದಿತ್ತು. ತೋಳು ಹಿಡಿದು ಇಳಿಸಿದವನು ಅವನೇ. ಅಳು ಬಂದರೆ ಅತ್ತುಬಿಡುತ್ತಿದ್ದ, ಅದೂ ಬರಲಿಲ್ಲ.

ಹಾಗಾದರೆ ಆ ಟಣ್? ರಸ್ತೆಯ ಉಬ್ಬಿನ ಮೇಲೆ ಕೇಳಿಸಿದ್ದು? ಎಂಜಿನ್ ಒಳಗೂ ಹೊರಗೂ ಶುದ್ಧವಾಗಿತ್ತು, ಪ್ರತಿ ಭಾಗವನ್ನೂ ಅವನೇ ಒರೆಸಿದ್ದ. ಆದರೂ ಸದ್ದು ಹೋಗಿರಲಿಲ್ಲ.

ಅವನು ಹಿಂದಿನ ಸೀಟನ್ನು ಎತ್ತಿಕೊಂಡು ಅಪ್ಪನ ಕೋಣೆಗೆ ಹೋದ. ಬಾಗಿಲಲ್ಲೇ ನಿಂತ. ಅಪ್ಪ ಮಂಚದ ಪಕ್ಕ ನಿಂತು ಕೋಟು ಕಳಚುತ್ತಿದ್ದರು. ಕಳಚಿ, ಮಡಿಕೆ ಸರಿಮಾಡಿ, ಗೋಡೆಯ ಮೊಳೆಗೆ ನೇತುಹಾಕಿದರು. ಕೋಟು ಗೋಡೆಗೆ ತಾಗಿತು.

ಟಣ್.

ಪಾಲಿಶಪ್ಪ ಸೀಟನ್ನು ನೆಲಕ್ಕಿಟ್ಟ. ಹತ್ತಿರ ಹೋಗಿ ಜೋತುಬಿದ್ದ ಜೇಬಿಗೆ ಕೈಹಾಕಿದ. ಸಣ್ಣದೊಂದು ತಗಡಿನ ಡಬ್ಬಿ, ಅದರೊಳಗೆ ಒಂದು ಸ್ಪ್ಯಾನರ್. ಅಲ್ಲಾಡಿಸಿದ. ಮತ್ತೆ ಅದೇ ಸದ್ದು, ಲೋಟದೊಳಗೆ ಚಮಚ ಬಿದ್ದ ಹಾಗೆ.

“ಅದಾ?” ಎಂದರು ಅಪ್ಪ. “ಒಂದ್ಸಲ ದಾರೀಲಿ ಗಾಡಿ ನಿಂತುಹೋಗಿತ್ತಲ್ಲ, ಅವತ್ತಿಂದ ಜೇಬಲ್ಲೇ ಇಟ್ಕೊಂಡಿರ್ತೀನಿ. ಯಾಕೋ? ಬೇಕಿತ್ತಾ?”

ಪಾಲಿಶಪ್ಪ ಬೇಡವೆಂದು ತಲೆಯಾಡಿಸಿದ. ಡಬ್ಬಿಯನ್ನು ಸದ್ದಾಗದಂತೆ ಮತ್ತೆ ಜೇಬಿಗಿಳಿಸಿದ. ಕಿಟಕಿಯಾಚೆ ಅಂಗಳದಲ್ಲಿ ಸೀಲು ಹಾಕಿಸಿಕೊಂಡ ಭಾಗಗಳು ಸಾಲಾಗಿ ಮಲಗಿದ್ದವು.

ಅಪ್ಪ ಮಂಚದ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತ, ಮಗನ ಬಾಡಿದ ಮುಖ ನೋಡಿ, ಸಮಾಧಾನ ಮಾಡುವ ದನಿಯಲ್ಲಿ ಕೇಳಿದರು.

“ಅದ್ಸರಿ, ಗಾಡೀಲಿ ಏನೋ ಸದ್ದು ಬರತ್ತೆ ಅಂತಿದ್ಯಲ್ಲ, ಅದು ಎಲ್ಲಿಂದ ಅಂತ ಕೊನೆಗೂ ಸಿಕ್ತಾ?”

“ಸಿಕ್ತಪ್ಪ.”

“ಒ‍ಳ್ಳೇದಾಯ್ತು ಬಿಡು,” ಎಂದರು ಅಪ್ಪ. “ಅಷ್ಟು ಬಿಚ್ಚಿದ್ದಕ್ಕೂ ಸಾರ್ಥಕ ಆಯ್ತು.”